ಬೆಕ್ಕಿದೆ ಅಂದರೆ ಬಾಡಿಗೆ ಮನೆ ಸಿಗುತ್ತಿಲ್ಲ. ಮೊದಲೇ ಹೇಳಬೇಕಾ, ಸುಮ್ನಿರಬೇಕಾ?

ನೇರಳೆಮಾರ್ಗ

ಎಲ್ಲರಿಗೂ ನಮಸ್ಕಾರ. ನಾವು ಗಂಡ ಹೆಂಡತಿ, ಜೊತೆಗೆ ಒಂದು ಹೆಣ್ಣು ಬೆಕ್ಕು. ಈಗ ಕೆಂಗೇರಿಯಲ್ಲಿದ್ದೇವೆ. ಓನರ್ ಮಗನ ಮದುವೆ ಅಂತ ಮನೆ ಬಿಡಿಸುತ್ತಿದ್ದಾರೆ. ವಿಜಯನಗರ, ಅತ್ತಿಗುಪ್ಪೆ, ನಾಗರಬಾವಿ ಕಡೆ 2 ಬಿಎಚ್‌ಕೆ ಹುಡುಕುತ್ತಿದ್ದೇವೆ. ಬಾಡಿಗೆ 25 ಸಾವಿರದ ಒಳಗಿರಲಿ ಅಂತ ಲೆಕ್ಕ. ಹೆಂಡತಿಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸ, ಹಾಗಾಗಿ ಮೆಟ್ರೊ ಹತ್ತಿರ ಇರಬೇಕು.

ಮನೆ ನಮಗೆ ಇಷ್ಟ ಆಗುತ್ತೆ, ಓನರ್‌ಗೆ ನಾವೂ ಇಷ್ಟ ಆಗುತ್ತೇವೆ. ಊರು ಯಾವುದು, ಕಂಪನಿ ಯಾವುದು, ನೆಂಟರು ಜಾಸ್ತಿ ಬರುತ್ತಾರಾ, ಎಲ್ಲ ವಿಚಾರಣೆ ಮುಗಿಯುತ್ತೆ. ಕೊನೆಗೆ "ಒಂದು ಬೆಕ್ಕಿದೆ ಸರ್" ಅಂದ ತಕ್ಷಣ ಮುಖ ಬದಲಾಗುತ್ತೆ. "ಮನೆಯವರನ್ನ ಕೇಳಿ ಫೋನ್ ಮಾಡ್ತೀನಿ" ಅನ್ನುತ್ತಾರೆ. ಆ ಫೋನ್ ಬರುವುದೇ ಇಲ್ಲ. ಒಬ್ಬರು ಮಾತ್ರ ನೇರವಾಗಿ ಹೇಳಿದರು. ಮಗಳು ಬಾಣಂತನಕ್ಕೆ ಬರುತ್ತಿದ್ದಾಳಂತೆ, ಬೆಕ್ಕಿರುವವರಿಗೆ ಮಹಡಿ ಮನೆ ಕೊಡಲು ಆಗಲ್ಲವಂತೆ.

ಬ್ರೋಕರ್ ಹೇಳುವುದೇ ಬೇರೆ. "ಸಾರ್, ಬೆಕ್ಕಿನ ಸುದ್ದಿ ಎತ್ತಲೇಬೇಡಿ. ಅಡ್ವಾನ್ಸ್ ಕೊಟ್ಟು, ಹಾಲು ಉಕ್ಕಿಸಿ, ಆಮೇಲೆ ಬುಟ್ಟಿಯಲ್ಲಿ ತನ್ನಿ. ಅಷ್ಟಾದ ಮೇಲೆ ಆಚೆಗೆ ಹಾಕೋಕಾಗುತ್ತಾ?" ಹೆಂಡತಿ ಬೇಡವೇ ಬೇಡ ಅನ್ನುತ್ತಿದ್ದಾಳೆ. ನಾನು ಅರ್ಧ ಒಪ್ಪಿದ್ದೇನೆ.

ಬೆಕ್ಕಿಗೆ ಮರಿ ಆಗದ ಹಾಗೆ ಆಪರೇಷನ್ ಆಗಿದೆ, ಲಸಿಕೆ ಆಗಿದೆ, ಮನೆ ಬಿಟ್ಟು ಹೊರಗೆ ಹೋಗಲ್ಲ. ನೀವೆಲ್ಲ ಏನು ಮಾಡಿದಿರಿ?

ಎರಡನೇ_ಮುಖ್ಯರಸ್ತೆ

ಹೇಳಬೇಡಿ. ಮೀನು ತಿನ್ನುತ್ತೀರಿ ಅನ್ನುವುದನ್ನೂ ಹೇಳಬೇಡಿ.

ಸಂಜೆಮಲ್ಲಿಗೆ

ನಾಗರಬಾವಿಗೆ ಮೆಟ್ರೊ ಎಲ್ಲಿದೆ ಮಾರಾಯ್ರೇ? ಅತ್ತಿಗುಪ್ಪೆಯಲ್ಲಿ ಇಳಿದು ಆಟೊದವರ ಕಾಲು ಹಿಡಿಯಬೇಕು. ಈಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ರೈಲು. ಕೆಂಗೇರಿ ಉಪನಗರದಲ್ಲೇ ಬೇರೆ ಮನೆ ನೋಡಿ, ಹೇಗೂ ಅಲ್ಲಿಂದ ಕೂರಲು ಸೀಟು ಸಿಗುತ್ತೆ.

ಇನ್ನು ಬೆಕ್ಕಿನ ವಿಷಯ. ನನ್ನ ಓಟು ಹೇಳುವುದಕ್ಕೆ. ಆದರೆ ಮೊದಲನೇ ಫೋನ್‌ನಲ್ಲಿ ಹೇಳಬೇಡಿ. ಮನೆ ನೋಡಲು ಹೋಗಿ, ಮಾತಾಡಿ, ನೀವು ಎಂಥವರು ಅಂತ ಅವರಿಗೆ ಗೊತ್ತಾದ ಮೇಲೆ ಹೇಳಿ.

ಗೇಟಿನ_ಚಿಲಕ

ನಾನು ಓನರ್. ಬೈಯುವವರು ಬೈಯಬಹುದು.

ರಾಜಾಜಿನಗರದಲ್ಲಿ ಕೆಳಗೆ ನಾವಿದ್ದೇವೆ, ಮೇಲೆ ಎರಡು ಮನೆ ಬಾಡಿಗೆಗೆ. ಹಿಂದೆ ಇದ್ದವರು ಎರಡು ಗಂಡು ಬೆಕ್ಕು ಸಾಕಿದ್ದರು. ಸೇರುವಾಗ ಒಂದು ಮಾತೂ ಹೇಳಿರಲಿಲ್ಲ. ಆಪರೇಷನ್ ಮಾಡಿಸಿರಲಿಲ್ಲ. ಅವು ಬಾಗಿಲ ಚೌಕಟ್ಟಿಗೆ, ವಾರ್ಡ್‌ರೋಬ್ ಬುಡಕ್ಕೆ, ಅಡುಗೆಮನೆ ಸಿಂಕ್ ಕೆಳಗಿನ ಪ್ಲೈವುಡ್‌ಗೆ ಉಚ್ಚೆ ಹಾರಿಸಿದ್ದವು. ಪ್ಲೈವುಡ್ ಎಲ್ಲ ಕುಡಿದುಬಿಟ್ಟಿತ್ತು. ಅವರು ಖಾಲಿ ಮಾಡಿದ ಮೇಲೆ ಬಣ್ಣ ಹೊಡೆಸಿದೆ, ಸಾಂಬ್ರಾಣಿ ಹಾಕಿದೆ, ಫಿನಾಯಿಲ್ ಸುರಿದೆ. ಬಿಸಿಲಿದ್ದಾಗ ಏನೂ ಗೊತ್ತಾಗಲ್ಲ. ಎರಡು ದಿನ ಮಳೆ ಹಿಡಿದರೆ ಸಾಕು, ಮನೆ ನೋಡಲು ಬಂದವರು ಮೂಗು ಮುಚ್ಚಿಕೊಂಡು ವಾಪಸ್. ಕೊನೆಗೆ ಕೆಳಗಿನ ಹಲಗೆ ಪೂರ್ತಿ ಕೀಳಿಸಿ ಹೊಸದು ಹಾಕಿಸಬೇಕಾಯಿತು. ಅಷ್ಟು ದಿನ ಮನೆ ಖಾಲಿ ಬಿದ್ದ ನಷ್ಟ ಬೇರೆ.

ಈಗ ಬೆಕ್ಕು ಅಂದರೆ ನನಗೆ ಮೊದಲು ನೆನಪಾಗುವುದು ಆ ವಾಸನೆ. ಬೆಕ್ಕಿನ ಮೇಲೆ ದ್ವೇಷ ಇಲ್ಲ. ನಮ್ಮ ಊರ ಮನೆಯಲ್ಲಿ ಯಾವಾಗಲೂ ಬೆಕ್ಕಿತ್ತು. ಅಲ್ಲಿ ಅಂಗಳ ಇದೆ, ಹಿತ್ತಲು ಇದೆ. ಇಲ್ಲಿ ಎಂಟು ನೂರು ಚದರಡಿ.

ಚುರುಮುರಿ

@ಗೇಟಿನ_ಚಿಲಕ ಸರ್, ಮಕ್ಕಳು ಗೋಡೆ ಪೂರ್ತಿ ಕ್ರೆಯಾನ್‌ನಲ್ಲಿ ಗೀಚುತ್ತಾರೆ. ಯಾವ ಓನರ್ ಆದರೂ "ಮಗು ಇದ್ದರೆ ಕೊಡಲ್ಲ" ಅನ್ನುತ್ತಾರಾ? ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹೇಗೂ ಮುರಿದುಕೊಳ್ಳುತ್ತೀರಲ್ಲ. ಗೋಡೆ ಕನ್ನಡಿ ಹಾಗೆ ಇಟ್ಟುಕೊಂಡಿದ್ದರೂ ಮುರಿದುಕೊಳ್ಳುತ್ತೀರಿ. ಆ ದುಡ್ಡು ಯಾವುದಕ್ಕೆ ಹಾಗಾದರೆ?

ಗೇಟಿನ_ಚಿಲಕ

@ಚುರುಮುರಿ ಕ್ರೆಯಾನ್ ಮೇಲೆ ಬಣ್ಣ ಹೊಡೆದರೆ ಮುಗಿಯಿತು. ಉಚ್ಚೆ ಮೇಲೆ ಹೊಡೆದರೆ ಮುಗಿಯಲ್ಲ. ಅಷ್ಟೇ ವ್ಯತ್ಯಾಸ. ಮತ್ತೆ, ಮಗು ಇದ್ದರೆ ಕೊಡಲ್ಲ ಅನ್ನುವ ಓನರ್‌ಗಳೂ ಇದ್ದಾರೆ, ನೀವು ನೋಡಿಲ್ಲ.

ಚುರುಮುರಿ

ಬ್ಯಾಚುಲರ್ ಆಗಿ ಮನೆ ಹುಡುಕಿದವನು ನಾನು. ಎಲ್ಲ ಥರದವರನ್ನೂ ನೋಡಿದ್ದೇನೆ ಬಿಡಿ.

ಕಾಗದಪತ್ರ

ಕಾನೂನಿನ ಮಾತು ಬರುವ ಮುಂಚೆಯೇ ಬರೆದುಬಿಡುತ್ತೇನೆ, ಯಾಕೆಂದರೆ ಇಂಥ ಚರ್ಚೆಯಲ್ಲಿ ಯಾವಾಗಲೂ ಎರಡು ವಿಷಯ ಕಲಸಿಹೋಗುತ್ತವೆ. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಬೇರೆ, ಓನರ್ ಬೇರೆ.

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ನಿವಾಸಿಗಳ ಸಂಘ ಬಹುಮತದಿಂದ ಠರಾವು ಮಾಡಿದರೂ ಸಾಕುಪ್ರಾಣಿ ಇಟ್ಟುಕೊಳ್ಳಬೇಡಿ ಎನ್ನುವಂತಿಲ್ಲ. ಲಿಫ್ಟ್‌ಗೆ ಬೇರೆ ಶುಲ್ಕ ಹಾಕುವಂತಿಲ್ಲ. 2021ರಲ್ಲಿ ಕೇರಳ ಹೈಕೋರ್ಟ್ ಕೂಡ ಸಾಕುಪ್ರಾಣಿ ನಿಷೇಧಿಸುವ ಸಂಘದ ನಿಯಮ ನಿಲ್ಲುವುದಿಲ್ಲ ಅಂತ ತೀರ್ಪು ಕೊಟ್ಟಿದೆ. ಅದು ನಮ್ಮ ರಾಜ್ಯಕ್ಕೆ ಕಡ್ಡಾಯ ಅಲ್ಲ, ಆದರೆ ಪತ್ರ ಬರೆಯುವಾಗ ಜೊತೆಗಿಟ್ಟರೆ ತೂಕ ಬರುತ್ತೆ.

ಇದೆಲ್ಲ ಸಂಘಕ್ಕೆ. ಖಾಲಿ ಮನೆಯನ್ನು ಯಾರಿಗೆ ಕೊಡಬೇಕು ಅನ್ನುವುದು ಓನರ್ ಇಷ್ಟ. "ಬೆಕ್ಕಿದೆ, ಕೊಡಲ್ಲ" ಅಂದರೆ ಅದನ್ನು ತಡೆಯುವ ಕಾನೂನು ಇಲ್ಲ. ಕರಾರಿನಲ್ಲಿ "ಸಾಕುಪ್ರಾಣಿ ಇಟ್ಟುಕೊಳ್ಳುವುದಿಲ್ಲ" ಅಂತ ಒಂದು ಸಾಲಿದ್ದು, ನೀವು ಸಹಿ ಹಾಕಿ, ಆಮೇಲೆ ಬುಟ್ಟಿಯಲ್ಲಿ ತಂದರೆ ಷರತ್ತು ಮುರಿದವರು ನೀವೇ. ನಮ್ಮಲ್ಲಿ ಓಡಾಡುವ ರೆಡಿಮೇಡ್ ಕರಾರುಗಳಲ್ಲಿ ಆ ಸಾಲು ಸುಮಾರು ಸಲ ಇರುತ್ತೆ, ಯಾರೂ ಓದುವುದಿಲ್ಲ. ಬ್ರೋಕರ್‌ಗೆ ಏನು, ಕಮಿಷನ್ ಅವತ್ತೇ ಸಿಕ್ಕಿರುತ್ತೆ.

ನಿಂಬೆಹಣ್ಣು

ಸಂವಿಧಾನದ 51ಎ ವಿಧಿಯಲ್ಲೇ ಇದೆಯಲ್ಲ, ಜೀವಿಗಳ ಮೇಲೆ ದಯೆ ಇರಬೇಕು ಅಂತ. ಅದಕ್ಕಿಂತ ದೊಡ್ಡದು ಓನರ್ ಇಷ್ಟವಾ?

ಕಾಗದಪತ್ರ

@ನಿಂಬೆಹಣ್ಣು ಅದು ಮೂಲಭೂತ ಕರ್ತವ್ಯ. ಕೋರ್ಟ್‌ಗಳು ತೀರ್ಪು ಬರೆಯುವಾಗ ಅದನ್ನು ಬಳಸುತ್ತವೆ. ಆದರೆ ಅದನ್ನು ಹಿಡಿದುಕೊಂಡು ಹೋಗಿ ಒಬ್ಬರ ಮನೆ ಬೀಗ ತೆಗೆಸಲು ಆಗುವುದಿಲ್ಲ.

ಎರಡನೇ_ಮುಖ್ಯರಸ್ತೆ

ಮನೆ ನೋಡಲು ಹೋಗಿ ಸಂವಿಧಾನ ಮಾತಾಡಿದರೆ ಬೆಕ್ಕಿಲ್ಲದಿದ್ದರೂ ಕೊಡಲ್ಲ.

ಮಾಳಿಗೆ_ಮೇಲೆ

ಮುಚ್ಚಿಟ್ಟವರ ಕಥೆ ಒಂದು ಕೇಳಿ. ನನ್ನ ಹಳೇ ರೂಮ್‌ಮೇಟ್ ಜಯನಗರದ ಹತ್ತಿರ ಒಂದು ಮನೆ ಹಿಡಿದಿದ್ದ. ಓನರ್ ಆಂಟಿ ಕೆಳಗೆ, ಇವನು ಮೇಲೆ. ಬೆಕ್ಕನ್ನು ರಾತ್ರಿ ಹೊತ್ತು ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ತಂದ. ಯಾರಿಗೂ ಗೊತ್ತಿಲ್ಲ ಅಂತ ಖುಷಿಯಾಗಿದ್ದ. ಬೆಕ್ಕು ದಿನಾ ಬೆಳಗ್ಗೆ ಅಡುಗೆಮನೆ ಕಿಟಕಿಯಲ್ಲಿ ಕೂತು ಆಂಟಿ ರಂಗೋಲಿ ಹಾಕುವುದನ್ನೇ ನೋಡುತ್ತಿತ್ತಂತೆ! ಆಂಟಿಗೆ ಮೊದಲನೇ ವಾರವೇ ಗೊತ್ತಾಗಿದೆ. ಸುಮ್ನಿದ್ದರು. ಹನ್ನೊಂದು ತಿಂಗಳು ಮುಗಿದ ದಿನ ಹೇಳಿದರು, "ನೀವು ಒಳ್ಳೆಯ ಹುಡುಗ, ಬೆಕ್ಕೂ ಒಳ್ಳೆಯದೇ, ಆದರೆ ಸುಳ್ಳು ಹೇಳಿ ಬಂದಿರಿ, ಬೇರೆ ಮನೆ ನೋಡ್ಕೊಳ್ಳಿ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅಂತ ಗಾದೆ ಇದೆಯಲ್ಲ. ಇಲ್ಲಿ ಕಣ್ಣು ಮುಚ್ಚಿದ್ದು ಇವನು.

ಹಳೇ_ಬಾಡಿಗೆದಾರ

ಅದೇ ವಿಷಯ. ಹನ್ನೊಂದು ತಿಂಗಳ ಕರಾರು ಯಾಕೆ ಅಂತ ಯೋಚಿಸಿ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ಬೇಡ ಅಂತ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಅಂದರೆ ಓನರ್‌ಗೆ ನೀವು ಬೇಡ ಅನ್ನಿಸಿದರೆ ಜಗಳವನ್ನೇ ಆಡಬೇಕಿಲ್ಲ. ಕಾಯ್ದರೆ ಸಾಕು.

ಅಷ್ಟು ದಿನ ನಿಮ್ಮ ಅಡ್ವಾನ್ಸ್ ಅವರ ಹತ್ತಿರ ಇರುತ್ತೆ. 25 ಸಾವಿರಕ್ಕೆ ಆರು ತಿಂಗಳು ಅಂದರೆ ಒಂದೂವರೆ ಲಕ್ಷ. ಹಳೇ ಕಾಲದ ಹತ್ತು ತಿಂಗಳು ಕೇಳುವವರಾದರೆ ಎರಡೂವರೆ ಲಕ್ಷ. ಸುಳ್ಳು ಹೇಳಿ ಸೇರಿಕೊಂಡವನು ವಾಪಸ್ ಕೇಳುವಾಗ ಯಾವ ಬಾಯಲ್ಲಿ ಕೇಳುತ್ತಾನೆ? "ಬೆಕ್ಕು ಕೆರೆದಿದೆ" ಅಂತ ಅವರು ಹೇಳಿದ್ದೇ ಲೆಕ್ಕ.

ನಿಂಬೆಹಣ್ಣು

ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳುವ ಹಾಗಿಲ್ಲ ಅಂತ ಕಾನೂನು ಬಂತಲ್ಲ?

ಕಾಗದಪತ್ರ

2021ರಲ್ಲಿ ಕೇಂದ್ರ ತಂದದ್ದು ಮಾದರಿ ಬಾಡಿಗೆ ಕಾಯ್ದೆ. ವಾಸದ ಮನೆಗೆ ಎರಡು ತಿಂಗಳ ಮಿತಿ ಅದರಲ್ಲಿದೆ, ನಿಜ. ಆದರೆ ಅದು ಮಾದರಿ. ರಾಜ್ಯ ತನ್ನ ಕಾನೂನು ಮಾಡಿಕೊಂಡರೆ ಮಾತ್ರ ಜಾರಿ. ಬೆಂಗಳೂರಿನ ಓನರ್‌ಗೆ ಇದನ್ನು ಹೇಳಿ ನೋಡಿ, ಕಾಫಿ ಕೊಟ್ಟು ಕಳಿಸುತ್ತಾರೆ.

ಪಗ್_ಅಪ್ಪ

ಬೆಕ್ಕಿನವರಿಗೆ ಇಷ್ಟು ಕಷ್ಟ ಅಂದರೆ ನಾಯಿಯವರ ಗತಿ ಕೇಳಿ. ನಮ್ಮದು ಪಗ್. ಬೊಗಳುವುದಕ್ಕೂ ಸೋಮಾರಿ. ಆದರೂ ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪ್‌ನಲ್ಲಿ ಯಾವ ಮೂಲೆಯಲ್ಲಿ ಒದ್ದೆ ಕಂಡರೂ ಮೊದಲು ನನ್ನ ಹೆಸರೇ. ಒಮ್ಮೆ ಎಸಿ ನೀರು ಸೋರಿದ್ದಕ್ಕೂ ನಮ್ಮ ನಾಯಿಯ ಫೋಟೊ ಹಾಕಿದರು.

ಮತ್ತೆ ಫ್ಲ್ಯಾಟ್‌ನಲ್ಲಿ ಒಂದೇ ನಾಯಿ ಅಂತ ಬಿಬಿಎಂಪಿ ರೂಲ್ ಇದೆ, ಅದನ್ನೂ ನೆನಪಿಟ್ಟುಕೊಳ್ಳಿ.

ಕಾಗದಪತ್ರ

@ಪಗ್_ಅಪ್ಪ ಅದು 2018ರ ಬೈಲಾ. ಫ್ಲ್ಯಾಟ್‌ಗೆ ಒಂದು, ಸ್ವಂತ ಕಾಂಪೌಂಡ್ ಇರುವ ಮನೆಗೆ ಮೂರು ಅಂತ ಬರೆದಿದ್ದರು. ಜನ ಗಲಾಟೆ ಮಾಡಿದ ಮೇಲೆ ಸರ್ಕಾರ ಅದನ್ನು ತಡೆಹಿಡಿಯಿತು. ಈಗಂತೂ ಬಿಬಿಎಂಪಿಯೇ ಇಲ್ಲ, 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆ. ಯಾವ ಸೆಕ್ರೆಟರಿಯಾದರೂ ಆ ಬೈಲಾ ತೋರಿಸಿದರೆ ಜಾರಿಯಾದ ಆದೇಶದ ಪ್ರತಿ ಕೇಳಿ.

ಪಗ್_ಅಪ್ಪ

ಓಹೋ. ನಮ್ಮ ಸೆಕ್ರೆಟರಿ ಇನ್ನೂ ಅದನ್ನೇ ನೋಟಿಸ್ ಬೋರ್ಡಿಗೆ ಅಂಟಿಸಿಕೊಂಡಿದ್ದಾರೆ! ನಾಳೆ ಕೇಳುತ್ತೇನೆ.

ಕೆಂಪು_ಡಬ್ಬಿ

ನಾನು ಬೀದಿ ಬೆಕ್ಕುಗಳ ಆಪರೇಷನ್‌ಗೆ ಓಡಾಡುವವಳು. ವೈದ್ಯೆ ಅಲ್ಲ. ಓನರ್ ಹೇಳಿದ ವಾಸನೆ ವಿಷಯ ಪೂರ್ತಿ ನಿಜ, ಅದನ್ನು ಸುಳ್ಳು ಅನ್ನಬೇಡಿ. ಆದರೆ ಅದು ಆಪರೇಷನ್ ಆಗದ ಗಂಡು ಬೆಕ್ಕಿನ ಚಾಳಿ. ಗಡಿ ಗುರುತು ಮಾಡಲು ಗೋಡೆಗೆ, ಮರಕ್ಕೆ ಹಾರಿಸುತ್ತವೆ. ಬೇಗ ಆಪರೇಷನ್ ಮಾಡಿಸಿದರೆ ಬಹುಪಾಲು ಬೆಕ್ಕುಗಳಲ್ಲಿ ಅದು ನಿಂತುಹೋಗುತ್ತೆ. ಹೆಣ್ಣು ಬೆಕ್ಕಿಗೆ ಮಾಡಿಸಿದರೆ ಬೆದೆಗೆ ಬಂದಾಗ ರಾತ್ರಿಯೆಲ್ಲ ಮಗು ಅತ್ತ ಹಾಗೆ ಕೂಗುವುದೂ ಇರಲ್ಲ. ನೇರಳೆಮಾರ್ಗ, ನಿಮ್ಮ ಬೆಕ್ಕಿಗೆ ಆಗಿದೆಯಲ್ಲ, ಆ ಚೀಟಿಯನ್ನು ಓನರ್‌ಗೆ ತೋರಿಸಿ. ನಿಮ್ಮ ಸಂಬಳದ ಸ್ಲಿಪ್‌ಗಿಂತ ಅದು ಮುಖ್ಯ.

@ಗೇಟಿನ_ಚಿಲಕ ಸರ್, ಫಿನಾಯಿಲ್‌ನಿಂದ ಆ ವಾಸನೆ ಹೋಗಲ್ಲ. ಉಚ್ಚೆಯನ್ನು ಒಡೆಯುವ ಎನ್‌ಜೈಮ್ ಕ್ಲೀನರ್ ಅಂತ ಸಿಗುತ್ತೆ, ಅದನ್ನು ಹಾಕಿ ನೆನೆಯಲು ಬಿಡಬೇಕು. ಬೆಕ್ಕು ಇರುವ ಮನೆಯಲ್ಲಂತೂ ಫಿನಾಯಿಲ್ ಮುಟ್ಟಲೇಬೇಡಿ. ಫೀನಾಲ್ ಅಂಶವನ್ನು ಬೆಕ್ಕಿನ ಲಿವರ್ ಸರಿಯಾಗಿ ಹೊರಹಾಕಲಾರದು. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೆ ಅದಕ್ಕೆ ವಿಷವೇ. ಕೆಲಸದವರಿಗೂ ಇದನ್ನು ಹೇಳಿಡಿ, ನೀವು ಆಫೀಸಿಗೆ ಹೋದ ಮೇಲೆ ಅವರು ಒಳ್ಳೆಯದಾಗಲಿ ಅಂತ ಎರಡು ಮುಚ್ಚಳ ಜಾಸ್ತಿ ಹಾಕುತ್ತಾರೆ.

ಬಾಣಂತನದ ಭಯಕ್ಕೆ ಒಂದು ಮಾತು. ಟೊಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಇದೆ, ಗರ್ಭಿಣಿಯರಿಗೆ ಅಪಾಯ, ಸುಳ್ಳಲ್ಲ. ಸೋಂಕಿರುವ ಬೆಕ್ಕಿನ ಕಕ್ಕದಿಂದ ಬರುತ್ತೆ, ಅದೂ ಕಕ್ಕ ಹೊರಬಿದ್ದು ಒಂದು ದಿನವಾದರೂ ಆಗಬೇಕು. ಮೇಲಿನ ಮನೆಯ ಬೆಕ್ಕು ಕೆಳಗಿನ ಮನೆಯ ಗರ್ಭಿಣಿಗೆ ಗಾಳಿಯಲ್ಲಿ ಅಂಟಿಸಲ್ಲ. ಒಂದೇ ಮನೆಯಲ್ಲಿದ್ದರೆ ಗರ್ಭಿಣಿ ಲಿಟರ್ ತಟ್ಟೆ ಮುಟ್ಟಬಾರದು, ಬೇರೆಯವರು ದಿನಾ ತೆಗೆಯಬೇಕು.

ಚುರುಮುರಿ

ಲಿಟರ್ ಅಂದರೆ ಮರಳಾ? ನಮ್ಮ ಓಣಿಯಲ್ಲಿ ಒಬ್ಬರು ಮನೆ ಕಟ್ಟುವವರ ಮರಳು ಕದ್ದು ಬೆಕ್ಕಿಗೆ ಹಾಕುತ್ತಿದ್ದರು.

ಕೆಂಪು_ಡಬ್ಬಿ

😄 ಮರಳೂ ನಡೆಯುತ್ತೆ, ಆದರೆ ವಾಸನೆ ಹಿಡಿಯಲ್ಲ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಬೆಂಟೊನೈಟ್ ಜೇಡಿ. ಒದ್ದೆಯಾದ ಕಡೆ ಗಟ್ಟಿಯಾಗುತ್ತೆ, ಆ ಉಂಡೆ ತೆಗೆದು ಎಸೆಯಬೇಕು. ದಯವಿಟ್ಟು ಕಮೋಡ್‌ಗೆ ಹಾಕಿ ಫ್ಲಶ್ ಮಾಡಬೇಡಿ. ನೀರಲ್ಲಿ ಊದಿಕೊಂಡು ಪೈಪ್ ಕಟ್ಟಿಕೊಳ್ಳುತ್ತೆ. ಆ ಪ್ಲಂಬರ್ ಬಿಲ್ ಒಂದೇ ಸಾಕು ಓನರ್ ನಿಮ್ಮನ್ನು ಬಿಡಿಸಲು. ಹಸಿ ಕಸಕ್ಕೂ ಹಾಕಬೇಡಿ. ಪೇಪರ್‌ನಲ್ಲಿ ಸುತ್ತಿ, ಡಯಾಪರ್ ಹಾಕುವ ರಿಜೆಕ್ಟ್ ಕಸಕ್ಕೆ, ಅಂದರೆ ಕೆಂಪು ಡಬ್ಬಿಗೆ. ಹೌದು, ನನ್ನ ಹೆಸರು ಅಲ್ಲಿಂದಲೇ ಬಂದದ್ದು.

ಸಂಜೆಮಲ್ಲಿಗೆ

ಕಸದ ಆಟೊದವರು ನಮ್ಮ ಬೀದಿಯಲ್ಲಿ ಮೂರನ್ನೂ ಒಂದೇ ಕಡೆ ಸುರಿದುಕೊಂಡು ಹೋಗುತ್ತಾರೆ. ಆ ಚರ್ಚೆ ಇನ್ನೊಂದು ದಿನ.

ಒಗ್ಗರಣೆ

"ವೆಜ್ ಓನ್ಲಿ" ಮನೆಗಳ ಬಗ್ಗೆ ಯಾರೂ ಬರೆಯಲಿಲ್ಲವಲ್ಲ. ನಾವು ತಿನ್ನುವುದಿಲ್ಲ ಅಂತ ಹೇಳಿ ಮನೆ ಒಪ್ಪಿಸಿದೆವು. ಕೊನೆಯಲ್ಲಿ ಓನರ್ ಅಜ್ಜ ಬಹಳ ಗಂಭೀರವಾಗಿ ಕೇಳಿದರು: "ನೀವು ಸರಿ, ಬೆಕ್ಕು?"

ಹಳೇ_ಬಾಡಿಗೆದಾರ

ಏನು ಹೇಳಿದಿರಿ?

ಒಗ್ಗರಣೆ

ಒಣ ಕಾಳು ತಿನ್ನುತ್ತೆ ಅಂದೆ. ಕಾಳಿನಲ್ಲಿ ಏನಿದೆ ಅಂತ ಅವರು ಕೇಳಲಿಲ್ಲ.

ನಿಂಬೆಹಣ್ಣು

ಮೊಸರನ್ನ ಹಾಕಿ ಸಾಕಬಹುದಲ್ಲ? ನಮ್ಮಜ್ಜಿ ಮನೆ ಬೆಕ್ಕು ಮೊಸರನ್ನ ತಿಂದುಕೊಂಡೇ ಎಷ್ಟೋ ವರ್ಷ ಇತ್ತು.

ಕೆಂಪು_ಡಬ್ಬಿ

ನಿಮ್ಮಜ್ಜಿ ಮನೆ ಬೆಕ್ಕು ಹಗಲು ಮೊಸರನ್ನ, ರಾತ್ರಿ ಇಲಿ. ಮನೆಯೊಳಗೇ ಇರುವ ಬೆಕ್ಕಿಗೆ ಆ ರಾತ್ರಿ ಊಟ ಇಲ್ಲ. ಬೆಕ್ಕಿಗೆ ಟೌರಿನ್ ಬೇಕು, ಅದು ಮಾಂಸದಲ್ಲಿ ಮಾತ್ರ ಸಾಕಷ್ಟು ಇರುತ್ತೆ. ಸಿಗದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ವೆಜ್ ಮನೆಯಲ್ಲಿ ಒಣ ಆಹಾರ, ಪೌಚ್ ಸಾಕು. ಮೀನು ಬೇಯಿಸಿ ವಾಸನೆ ಎಬ್ಬಿಸುವ ಅಗತ್ಯ ಇಲ್ಲ.

ಗಿಣಿಶಾಸ್ತ್ರ

ಇಷ್ಟೆಲ್ಲ ರಗಳೆ ಯಾಕೆ. ನಮ್ಮ ಮನೆಯಲ್ಲಿ ಗಿಣಿ ಇದೆ, ಯಾವ ಓನರ್ ಆದರೂ ಒಪ್ಪುತ್ತಾರೆ. "ಅಮ್ಮ" ಅನ್ನುತ್ತೆ, ಓನರ್ ಹೆಸರೂ ಕಲಿಸಿದ್ದೇವೆ.

ಕಾಗದಪತ್ರ

ಹಸಿರು ಗಿಣಿ, ಕೊರಳಲ್ಲಿ ಗುಲಾಬಿ ಪಟ್ಟಿ? ಅದು ನಮ್ಮ ಕಾಡಿನ ಹಕ್ಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಪಂಜರದಲ್ಲಿ ಇಡುವುದೇ ಅಪರಾಧ. ನಕ್ಷತ್ರ ಆಮೆಯೂ ಹಾಗೇ, ಅದೃಷ್ಟ ಬರುತ್ತೆ ಅಂತ ಮಾರುತ್ತಾರಲ್ಲ. ಬಡ್ಜಿ, ಕಾಕಟೀಲ್ ಥರದ ಹೊರದೇಶದ ಹಕ್ಕಿಗಳಾದರೆ ಸರಿ. ಓನರ್ ಒಪ್ಪಿದರೂ ಅರಣ್ಯ ಇಲಾಖೆ ಒಪ್ಪಲ್ಲ.

ಗಿಣಿಶಾಸ್ತ್ರ

ನಮ್ಮ ತಾತನ ಕಾಲದಿಂದ ಸಾಕುತ್ತಿದ್ದೇವೆ ಸ್ವಾಮಿ.

ಕಾಗದಪತ್ರ

ಕಾಯ್ದೆಗೂ ಐವತ್ತು ವರ್ಷ ದಾಟಿತು ಸ್ವಾಮಿ.

ಮಾಳಿಗೆ_ಮೇಲೆ

ವಿಷಯಕ್ಕೆ ಬರೋಣ. ಎಂಥ ಮನೆ ಹುಡುಕಬೇಕು ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ನನ್ನ ಲೆಕ್ಕ ಹೇಳುತ್ತೇನೆ. ಓನರ್ ಅದೇ ಕಟ್ಟಡದಲ್ಲಿದ್ದರೆ ಒಪ್ಪಿಸುವುದು ಕಷ್ಟ, ಆದರೆ ಒಮ್ಮೆ ಒಪ್ಪಿದರೆ ಆಮೇಲೆ ತೊಂದರೆ ಇಲ್ಲ. ಊಟ ಹಾಕುವವರೂ ಅವರೇ ಆಗುತ್ತಾರೆ. ಓನರ್ ಮೈಸೂರಿನಲ್ಲೋ ಅಮೆರಿಕದಲ್ಲೋ ಇದ್ದರೆ ಫೋನ್‌ನಲ್ಲೇ "ಸರಿ ಸರಿ" ಅನ್ನುತ್ತಾರೆ, ಬಿಡುವಾಗ ಅವರ ಭಾವಮೈದುನ ಬಂದು ಟಾರ್ಚ್ ಹಿಡಿದು ಗೀರು ಹುಡುಕುತ್ತಾನೆ. ಎರಡನೆಯವರ ಜೊತೆ ಎಲ್ಲವೂ ಬರಹದಲ್ಲಿರಬೇಕು.

ಟು-ಲೆಟ್ ಬೋರ್ಡ್ ನೋಡಿಕೊಂಡು ನಡೆದು ಹುಡುಕಿ. ಆ್ಯಪ್‌ನಲ್ಲಿ "ಸಾಕುಪ್ರಾಣಿ ಇಲ್ಲ" ಅಂತ ಟಿಕ್ ಮಾಡಿದವರು ಎಷ್ಟೋ ಜನ ಸುಮ್ನೆ ಟಿಕ್ ಮಾಡಿರುತ್ತಾರೆ. ಗೇಟ್ ಮುಂದೆ ನಿಂತು ಮಾತಾಡಿದರೆ ಬೇರೆಯೇ ಮನುಷ್ಯರು. ಮನೆ ಮುಂದೆ ನಾಯಿಗೆ ನೀರಿನ ತೊಟ್ಟಿ ಇಟ್ಟಿರುವ ಮನೆ ಕಂಡರೆ ಅಲ್ಲಿ ಮೊದಲು ಬೆಲ್ ಮಾಡಿ.

ಎರಡನೇ_ಮುಖ್ಯರಸ್ತೆ

ಒಳ್ಳೆಯ ಐಡಿಯಾ. ಆದರೆ ಅಂಥ ಮನೆಯಲ್ಲಿ ನಾಯಿಯೂ ಇರುತ್ತೆ.

ಸಂಜೆಮಲ್ಲಿಗೆ

ಬಾಲ್ಕನಿ ಬಲೆ ಬಗ್ಗೆ ಒಂದು ಸಲಹೆ. ಪಾರಿವಾಳಕ್ಕೆ ಅಂತ ಹಾಕುವ ತೆಳು ನೈಲಾನ್ ಬಲೆ ಬೆಕ್ಕಿಗೆ ಸಾಲಲ್ಲ, ಕಚ್ಚಿ ತೂತು ಮಾಡುತ್ತೆ. ನಮ್ಮದು ಮೂರನೇ ಮಹಡಿ, ಬೆಕ್ಕಿಗೆ ಪಾರಿವಾಳ ಕಂಡರೆ ಮೈಮೇಲೆ ಜ್ಞಾನ ಇರಲ್ಲ. ಗಟ್ಟಿ ಬಲೆಯನ್ನೇ ಹಾಕಿಸಿ. ಮೊಳೆ ಹೊಡೆಯುವ ಮುಂಚೆ ಓನರ್‌ಗೆ ಹೇಳಿ. "ಪಾರಿವಾಳ ಬರಲ್ಲ, ಬಿಡುವಾಗ ಬಲೆ ಇಲ್ಲೇ ಬಿಟ್ಟು ಹೋಗುತ್ತೇವೆ" ಅಂದರೆ ಖುಷಿಯಾಗಿ ಒಪ್ಪುತ್ತಾರೆ. ಪಾರಿವಾಳದ ಮೇಲೆ ಇರುವಷ್ಟು ಸಿಟ್ಟು ಈ ಊರಿನ ಓನರ್‌ಗಳಿಗೆ ಬೆಕ್ಕಿನ ಮೇಲೂ ಇಲ್ಲ.

ನೇರಳೆಮಾರ್ಗ

ಎಲ್ಲರಿಗೂ ಥ್ಯಾಂಕ್ಸ್. ಮುಚ್ಚಿಡುವ ಮಾತು ಬಿಟ್ಟೆವು. ಹೆಂಡತಿ ಈ ಚರ್ಚೆ ಪೂರ್ತಿ ಓದಿ "ನೋಡಿದ್ರಾ" ಅಂದಳು, ಅಷ್ಟೇ.

ಅತ್ತಿಗುಪ್ಪೆ ಹತ್ತಿರ ಒಂದು ಮನೆ ಸಿಕ್ಕಿದೆ. ಟು-ಲೆಟ್ ಬೋರ್ಡ್ ನೋಡಿಯೇ ಹೋದದ್ದು. ಓನರ್ ನಿವೃತ್ತ ಮೇಷ್ಟ್ರು, ಕೆಳಗೇ ಇರುತ್ತಾರೆ. ಬೆಕ್ಕಿನ ಲಸಿಕೆ ಪುಸ್ತಕ, ಆಪರೇಷನ್ ಚೀಟಿ ತೋರಿಸಿದೆವು. ಚೀಟಿ ಎರಡು ಸಲ ಓದಿದರು. ಬಾಡಿಗೆ 24 ಸಾವಿರ, ಅಡ್ವಾನ್ಸ್ ಒಂದೂವರೆ ಲಕ್ಷ. ಆದರೆ ಬೆಕ್ಕಿಗೆ ಅಂತ ಹತ್ತು ಸಾವಿರ ಬೇರೆ ಕೇಳುತ್ತಿದ್ದಾರೆ, ವಾಪಸ್ ಕೊಡಲ್ಲವಂತೆ. ಇದು ಸರಿಯಾ? ಶುಲ್ಕ ಹಾಕುವಂತಿಲ್ಲ ಅಂತ ಮೇಲೆ ಬರೆದಿದ್ದರಲ್ಲ?

ಕಾಗದಪತ್ರ

ಅದು ಸಂಘಕ್ಕೆ. ಓನರ್ ಮತ್ತು ನೀವು ಒಪ್ಪಿಕೊಂಡರೆ ಏನು ಬೇಕಾದರೂ ಬರೆದುಕೊಳ್ಳಬಹುದು. ಹತ್ತು ಸಾವಿರ ಕೊಡಿ, ಆದರೆ ವಾಪಸ್ ಬರುವ ದುಡ್ಡಾಗಿ ಕೊಡಿ. ಬೆಕ್ಕಿನಿಂದ ಹಾನಿ ಆದರೆ ಬಿಲ್ ನೋಡಿ ಅದರಲ್ಲಿ ಮುರಿದುಕೊಳ್ಳಲಿ, ಇಲ್ಲದಿದ್ದರೆ ವಾಪಸ್. ವಾಪಸ್ ಇಲ್ಲ ಅಂದರೆ ನೀವು ಹುಷಾರಾಗಿ ಇದ್ದೂ ಏನು ಲಾಭ?

ಗೇಟಿನ_ಚಿಲಕ

ಓನರ್ ಕಡೆಯಿಂದಲೂ ಅದೇ ಹೇಳುತ್ತೇನೆ. ವಾಪಸ್ ಬರುತ್ತೆ ಅಂದರೆ ಬಾಡಿಗೆಯವರು ಬೆಕ್ಕಿನ ಹಿಂದೆ ಬಟ್ಟೆ ಹಿಡಿದು ಓಡುತ್ತಾರೆ. ವಾಪಸ್ ಇಲ್ಲ ಅಂದರೆ "ಹೇಗೂ ಕೊಟ್ಟಾಗಿದೆ" ಅಂತ ಬಿಡುತ್ತಾರೆ. ಮೇಷ್ಟ್ರಿಗೆ ಹೀಗೇ ಹೇಳಿ ನೋಡಿ.

ಕರಾರಿನಲ್ಲಿ ನನಗಾದರೆ ಇಷ್ಟು ಬೇಕು: "ಬಾಡಿಗೆದಾರರು ಆಪರೇಷನ್ ಆದ ಒಂದು ಬೆಕ್ಕನ್ನು ಮನೆಯೊಳಗೆ ಸಾಕಲು ಮಾಲೀಕರು ಒಪ್ಪಿದ್ದಾರೆ. ಬೆಕ್ಕಿನಿಂದ ಮರದ ಕೆಲಸಕ್ಕೆ, ಸೊಳ್ಳೆಪರದೆಗೆ ಹಾನಿಯಾದರೆ ಬಾಡಿಗೆದಾರರು ರಿಪೇರಿ ಖರ್ಚು ಕೊಡುತ್ತಾರೆ. ಮಾಮೂಲಿ ಸವೆತ ಇದರಲ್ಲಿ ಸೇರಿಲ್ಲ." "ಒಂದು" ಅನ್ನುವುದನ್ನು ಬಿಡಬೇಡಿ. ಒಂದು ಅಂತ ಶುರುವಾಗಿ ನಾಲ್ಕಾಗುವುದು ನನಗೆ ಗೊತ್ತು.

ಚುರುಮುರಿ

ಗೇಟಿನ ಚಿಲಕ ತೆಗೆಯುತ್ತಿದೆ ಅನ್ನಿಸುತ್ತೆ. ಸರ್, ನಿಮ್ಮ ಮೇಲಿನ ಮನೆ ಖಾಲಿ ಇದೆಯಾ?

ಗೇಟಿನ_ಚಿಲಕ

ಇಲ್ಲ. ಇದ್ದರೂ ಬ್ಯಾಚುಲರ್‌ಗೆ ಕೊಡಲ್ಲ.

ಹಳೇ_ಬಾಡಿಗೆದಾರ

ಸೇರುವ ದಿನ ಸಾಮಾನು ಇಳಿಸುವ ಮುಂಚೆ ಇಡೀ ಮನೆ ವಿಡಿಯೊ ಮಾಡಿ ಮೇಷ್ಟ್ರಿಗೆ ವಾಟ್ಸಾಪ್‌ನಲ್ಲಿ ಕಳಿಸಿ. ಬಾಗಿಲ ಬುಡ, ಸೊಳ್ಳೆಪರದೆ, ವಾರ್ಡ್‌ರೋಬ್ ಒಳಗಿನ ಹಲಗೆ, ಎಲ್ಲ ಹತ್ತಿರದಿಂದ. ಈಗಾಗಲೇ ಇರುವ ಗೀರುಗಳನ್ನು ಬಾಯಲ್ಲಿ ಹೇಳುತ್ತಾ ಹೋಗಿ. ಹಳೇ ಗೀರು ಬೆಕ್ಕಿನ ತಲೆಗೆ ಬರಬಾರದು.

ನೇರಳೆಮಾರ್ಗ

ಮೇಷ್ಟ್ರು ಒಪ್ಪಿದರು. ಹತ್ತು ಸಾವಿರ ಅಡ್ವಾನ್ಸ್‌ಗೆ ಸೇರಿಸಿ ಒಟ್ಟು 1.6 ಲಕ್ಷ, ಹಾನಿ ಇಲ್ಲದಿದ್ದರೆ ಎಲ್ಲ ವಾಪಸ್. "ಒಂದು ಬೆಕ್ಕು" ಅಂತ ಅವರೇ ಕೈಯಲ್ಲಿ ತಿದ್ದಿದರು, ಬಣ್ಣವನ್ನೂ ಸೇರಿಸಿದರು: "ಬೂದು ಬಣ್ಣದ". ಬೇರೆ ಬೆಕ್ಕು ಬದಲಾಯಿಸಿ ತಂದರೆ ಅಂತ ಅನುಮಾನ ಇರಬೇಕು. ಶುಕ್ರವಾರ ಸಹಿ. ಪೇಂಟಿಂಗ್‌ಗೆ ಒಂದು ತಿಂಗಳು ಮುರಿದುಕೊಳ್ಳುವುದು ಮಾತ್ರ ಬಿಡಲಿಲ್ಲ, ಅದು ಊರ ಪದ್ಧತಿಯಂತೆ.

ಎರಡನೇ_ಮುಖ್ಯರಸ್ತೆ

ಬೆಕ್ಕಿನ ಸಹಿಯನ್ನೂ ಹಾಕಿಸಿ.

ಹತ್ತಿಬೀಜ

ಚರ್ಚೆಗೆ ತಡವಾಗಿ ಬಂದೆ. ನಮ್ಮದು ಮೊಲ. ಬನಶಂಕರಿ ಕಡೆ ನೋಡುತ್ತಿದ್ದೇನೆ. ಮೊಲ ಅಂದರೆ ಓನರ್‌ಗಳು ನಗುತ್ತಾರೆ, "ಅಷ್ಟೇನಾ" ಅನ್ನುತ್ತಾರೆ. ಇದಕ್ಕೂ ಕರಾರಿನಲ್ಲಿ ಬರೆಸಬೇಕಾ?

ಕೆಂಪು_ಡಬ್ಬಿ

ಖಂಡಿತ ಬರೆಸಿ. ಮೊಲದ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತೆ, ಅದಕ್ಕೆ ಏನಾದರೂ ಕಡಿಯುತ್ತಲೇ ಇರಬೇಕು. ಒಣಹುಲ್ಲು ಸದಾ ಇಡಿ, ಇಲ್ಲದಿದ್ದರೆ ವಾರ್ಡ್‌ರೋಬ್ ಅಂಚು ತಿನ್ನುತ್ತೆ. ಫ್ರಿಜ್, ವೈಫೈ ವೈರ್‌ಗಳನ್ನು ಪೈಪಿನೊಳಗೆ ಹಾಕಿ. ನಗುತ್ತಿರುವ ಓನರ್‌ಗೆ ಇದು ಇನ್ನೂ ಗೊತ್ತಿಲ್ಲ, ನಗುತ್ತಿರುವಾಗಲೇ ಸಹಿ ಹಾಕಿಸಿಕೊಳ್ಳಿ.

ಗೇಟಿನ_ಚಿಲಕ

ನಾನು ಇದನ್ನೆಲ್ಲ ಓದುತ್ತಿದ್ದೇನೆ ಅನ್ನುವುದು ನೆನಪಿರಲಿ.